ನಾರುವ ದಿನ ಬಂದ ಬೀಗರು

ಬರಿಹೊಟ್ಟೆಗೆ ಹಸಿ ಬೆಳ್ಳುಳ್ಳಿ ಅಗಿಯುವುದು ನಿಕಾರೇತೆಗೆ ಮೊದಲಿನಿಂದಲೂ ಆಗದ ಕೆಲಸ. ಹುಡುಗಿಯಾಗಿದ್ದಾಗ ಅಮ್ಮ ಗದರಿಸಿ ತಿನ್ನಿಸುತ್ತಿದ್ದಳು, ಮದುವೆಯಾದ ಮೇಲೆ ಅತ್ತೆ ಎದುರಿಗೇ ಕೂತು ತಿನ್ನಿಸಿದಳು. ಈಗ ಗದರಿಸುವವರು ಯಾರೂ ಉಳಿದಿರಲಿಲ್ಲ, ಆದರೂ ತಾನೇ ಸುಲಿದುಕೊಂಡು ತಿನ್ನುತ್ತಿದ್ದಳು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು.

ಲೆಮ್ನೋಸ್ ದ್ವೀಪದಲ್ಲಿ ಹೆಣ್ಣಾಗಿ ಹುಟ್ಟಿದವರಿಗೆ ವರ್ಷಕ್ಕೊಂದು ದಿನ ಇದು ತಪ್ಪಿದ್ದಲ್ಲ. ಆ ದಿನ ಮೈ ತೊಳೆಯುವಂತಿಲ್ಲ, ತಲೆ ಬಾಚುವಂತಿಲ್ಲ, ಒಲೆ ಹಚ್ಚುವಂತಿಲ್ಲ. ಕುರಿವಾಸನೆಯ ಹಳೇ ಉಣ್ಣೆ ಬಟ್ಟೆ ಸುತ್ತಿಕೊಂಡು, ಬೆಳ್ಳುಳ್ಳಿ ಅಗಿದು, ಗಬ್ಬೆಂದು ನಾರುತ್ತ ಮನೆಯಲ್ಲಿ ಕೂರಬೇಕು. ಗಂಡನಾಗಲಿ, ಅಪ್ಪನಾಗಲಿ, ಹೆತ್ತ ಮಗನೇ ಆಗಲಿ, ಗಂಡಸೆಂಬವನು ಹತ್ತಿರ ಸುಳಿಯುವಂತಿಲ್ಲ. ಮಿರೀನಾ ಊರಿನ ಗಂಡಸರೆಲ್ಲ ಬೆಳಕು ಹರಿಯುವ ಮುಂಚೆಯೇ ಗುಡ್ಡ ಇಳಿದು ಬಂದರಿನ ಕಡೆ ಹೋಗಿಬಿಡುತ್ತಾರೆ. ದಾರಿಯ ಮಧ್ಯದ ಬಾವಿಯೇ ಗಡಿ. ಮಾತಾಡುವುದಿದ್ದರೆ ಅದರಾಚೆ ನಿಂತು ಕೂಗಬೇಕು.

ನಿಕಾರೇತೆ ಎರಡನೆಯ ಎಸಳು ನುಂಗಲಾರದೆ ನುಂಗುತ್ತಿದ್ದಾಗ ಪಕ್ಕದ ಮನೆಯ ಮೆಲಿತ್ತಾ ಗೋಡೆಯ ಮೇಲಿಂದ ತಲೆ ಹಾಕಿದಳು.

"ನಿಕಾರೇತೇ, ನಿನ್ನ ಬೀಗರು ಬಂದ್ರು ನೋಡೇ."

"ಯಾವ ಬೀಗರು?"

"ನಿಂಗೆ ಎಷ್ಟು ಜನ ಬೀಗರಿದಾರೆ? ಥಾಸೋಸ್ ದ್ವೀಪದೋರು ಕಣೇ. ಹಡಗಿನ ಮೂತಿಗೆ ಹೂವಿನ ಹಾರ ಹಾಕಿದಾರೆ. ಕೊಳಲು ಊದೋನ್ನೂ ಕರ್ಕೊಂಡು ಬಂದಿದಾರೆ."

ನಿಕಾರೇತೆಗೆ ಬೆಳ್ಳುಳ್ಳಿ ಗಂಟಲಲ್ಲೇ ನಿಂತಿತು. ಮಗಳು ಕ್ಸಾಂಥೋಳ ಮದುವೆಗೆ ಗೊತ್ತು ಮಾಡಿದ್ದು ತಿಂಗಳ ನಾಲ್ಕನೆಯ ದಿನ. ನಾಲ್ಕು ಪ್ರೇಮದೇವತೆ ಅಫ್ರೋದಿತೆಯ ದಿನ, ಮದುವೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಒಂದೊಂದು ಊರಿನ ತಿಂಗಳು ಒಂದೊಂದು ಬಗೆ. ಹಬ್ಬಕ್ಕೆ ಬಲಿಯ ಹೋರಿ ಬರುವುದು ತಡವಾಯಿತೆಂದು ಮಿರೀನಾದ ಹಿರಿಯರು ಈ ಸಲ ತಿಂಗಳಿಗೆ ಒಂದಷ್ಟು ದಿನ ಸೇರಿಸಿಕೊಂಡಿದ್ದರು. ಅವರಿಗೆ ತಿಂಗಳೆಂದರೆ ಕಲಸಿದ ಹಿಟ್ಟು, ಎಳೆದಷ್ಟು ಬರುತ್ತದೆ. ಥಾಸೋಸಿನ ಹಿರಿಯರು ಎಳೆದಿರಲಿಲ್ಲ. ಹಾಗಾಗಿ ಅಲ್ಲಿಯವರಿಗೆ ಇವತ್ತೇ ನಾಲ್ಕು. ಇಲ್ಲಿ ಇನ್ನೂ ಹಳೆಯ ತಿಂಗಳ ಕೊನೆಯ ದಿನ, ಅಂದರೆ ನಾರುವ ದಿನ. ವರ್ಷದಲ್ಲಿ ಅಷ್ಟು ದಿನಗಳಿದ್ದೂ ಬೀಗರು ಹಾರ ಹಾಕಿಕೊಂಡು ಬಂದಿಳಿದದ್ದು ಇವತ್ತೇ.

ಬಾವಿಯ ಆಚೆಯಿಂದ ಗಂಡ ಲೈಕೋನನ ಕೂಗು ಕೇಳಿತು. ನಿಕಾರೇತೆ ಬಾಗಿಲಿಗೆ ಬಂದಳು.

"ನಿಕಾರೇತೇ, ಬಂದ್ಬಿಟ್ರು ಕಣೇ."

"ನಂಗೂ ಕಣ್ಣಿದೆ. ನಮ್ಮಲ್ಲಿ ದಿನ ಸೇರ್ಸಿದಾರೆ ಅಂತ ಹೇಳಿಕಳ್ಸಿ, ಹೇಳಿಕಳ್ಸಿ ಅಂತ ಬಡ್ಕೊಂಡೆನಲ್ಲ, ಕಳ್ಸಿದ್ರಾ?"

"ಅವರೂ ಸೇರ್ಸಿರ್ತಾರೆ ಅಂದ್ಕೊಂಡೆ."

"ಅಂದ್ಕೊಂಡ್ರಂತೆ. ವಯಸ್ಸು ಮೀರಿದ ಮಗಳು ಮನೇಲಿ ಕೂತಿದಾಳೆ, ಇವರು ಅಂದ್ಕೊಂಡ್ರಂತೆ."

"ಈಗ ಬೈದ್ರೆ ಏನು ಬಂತು. ಹುಡುಗನ್ನ ಕುಲುಮೆ ಹತ್ರ ಕೂರ್ಸಿದೀನಿ. ಅವನ ಸೋದರತ್ತೆ ಮಾತ್ರ ಹತ್ತಿ ಬರ್ತಾ ಇದಾರೆ. ಹೆಂಗಸು, ನಾನು ಹೆಂಗೆ ತಡೀಲಿ?"

"ಅವರಿಗೆ ಏನಂತ ಹೇಳಿದ್ರಿ?"

"ಇವತ್ತು ನೀವೆಲ್ಲ ನಾರ್ತೀರಿ ಅಂದೆ."

ನಿಕಾರೇತೆ ಹಣೆ ಚಚ್ಚಿಕೊಂಡಳು. ಈ ಮನುಷ್ಯನಿಗೆ ಕಾದ ಕಬ್ಬಿಣ ಬಗ್ಗಿಸಲು ಬರುತ್ತದೆ, ಒಂದು ಮಾತನ್ನು ಬಗ್ಗಿಸಿ ಹೇಳಲು ಬರುವುದಿಲ್ಲ.

ಅವಳ ದಿಗಿಲಿಗೆ ಕಾರಣವಿತ್ತು. ಕ್ಸಾಂಥೋಳನ್ನು ಕೇಳಿಕೊಂಡು ಹಿಂದೆಯೂ ಹೊರಗಿನ ಸಂಬಂಧಗಳು ಬಂದು ಬಂದು ಮುರಿದಿದ್ದವು. ಲೆಮ್ನೋಸಿನ ಹೆಣ್ಣೆಂದರೆ ಸಮುದ್ರದಾಚೆಯ ಜನಕ್ಕೆ ಒಂದು ನಗೆ, ಒಂದು ನಡುಕ. ಎಲ್ಲದಕ್ಕೂ ಕಾರಣ ಆ ಹಳೇ ಕಥೆ.

ದೇವಲೋಕದ ಕಮ್ಮಾರ ಹೆಫೈಸ್ತೋಸನನ್ನು ಮೇಲಿನಿಂದ ಎಸೆದಾಗ ಅವನು ಬಂದು ಬಿದ್ದದ್ದು ಇದೇ ದ್ವೀಪದಲ್ಲಿ. ಕಾಲು ಕುಂಟಾದವನನ್ನು ಇಲ್ಲಿಯ ಜನ ಎತ್ತಿ ಸಾಕಿದರು, ಅವನೂ ಇಲ್ಲೇ ಕುಲುಮೆ ಹೂಡಿದ. ಅಂಥವನಿಗೆ ಅಫ್ರೋದಿತೆಯನ್ನು ಗಂಟು ಹಾಕಿದರು. ಕಡಲ ನೊರೆಯಲ್ಲಿ ಹುಟ್ಟಿದ ಪ್ರೇಮದೇವತೆ ಮಸಿ ಮೆತ್ತಿದ ಗಂಡನ ಜೊತೆ ಎಷ್ಟು ದಿನ ಇದ್ದಾಳು? ಯುದ್ಧದ ದೇವರು ಅರೇಸನನ್ನು ಮನೆಗೇ ಕರೆಸಿಕೊಂಡಳು. ಕಮ್ಮಾರ ಕಣ್ಣಿಗೆ ಕಾಣದಷ್ಟು ನವಿರಾದ ಬಲೆ ಹೆಣೆದು ಇಬ್ಬರನ್ನೂ ಹಾಸಿಗೆಯಲ್ಲೇ ಹಿಡಿದು, ದೇವತೆಗಳನ್ನೆಲ್ಲ ಕರೆದು ತೋರಿಸಿದ. ಅವರು ಬಿದ್ದು ಬಿದ್ದು ನಕ್ಕರು. ಅವರ ಮನೆಯ ರಗಳೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಲೆಮ್ನೋಸಿನ ಹೆಂಗಸರು, ನಮ್ಮೂರಲ್ಲಿ ಬೆಳೆದ ಹುಡುಗನಿಗೆ ಹೀಗೆ ಮಾಡಿದಳಲ್ಲ ಎಂದು ಅವಳ ಪೂಜೆ ನಿಲ್ಲಿಸಿದರು. ಅವಳು ಬಲೆ ಹಾಕಿದ ಗಂಡನನ್ನು ಬಿಟ್ಟಳು, ನಕ್ಕ ದೇವತೆಗಳನ್ನು ಬಿಟ್ಟಳು, ಈ ಹೆಂಗಸರ ಮೈಗೆ ದುರ್ನಾತ ಅಂಟಲಿ ಎಂದು ಶಪಿಸಿದಳು. ಗಂಡಂದಿರು ಮೂಗು ಮುಚ್ಚಿಕೊಂಡು ಎದುರು ದಡದ ಥ್ರೇಸಿಗೆ ಹೋಗಿ ಹುಡುಗಿಯರನ್ನು ಹೊತ್ತು ತಂದರು. ಹೆಂಡಂದಿರು ರೊಚ್ಚಿಗೆದ್ದು ಒಂದೇ ರಾತ್ರಿಯಲ್ಲಿ ಊರಿನ ಗಂಡಸರನ್ನೆಲ್ಲ ಕೊಂದರು. ಮುಂದೆ ಯಾವುದೋ ಹಡಗಿನಲ್ಲಿ ಬೇರೆ ಗಂಡಸರು ಬಂದರು, ದೇವಿಯ ಮುನಿಸು ಇಳಿಯಿತು, ನಾತ ಹೋಯಿತು. ನೆನಪಿಗೆಂದು ವರ್ಷಕ್ಕೊಂದು ದಿನ ಉಳಿಯಿತು.

ಕರೆಸಿಕೊಂಡವಳು ಅವಳು, ಬಲೆ ಹೆಣೆದವನು ಅವನು, ನಕ್ಕವರು ಅವರು, ಥ್ರೇಸಿಗೆ ಹೋದವರು ಇವರು. ನಾರುವವರು ಮಾತ್ರ ನಾವು. ನಿಕಾರೇತೆಗೆ ಈ ಲೆಕ್ಕ ಎಂದೂ ಸರಿಹೋಗಿರಲಿಲ್ಲ. ಹೋಗಲಿ, ಆ ಒಂದು ದಿನದ ನಾತವನ್ನಾದರೂ ದೇವಿಯೇ ಕೊಡುತ್ತಾಳೆಯೇ, ಅದೂ ಇಲ್ಲ. ಬೆಳ್ಳುಳ್ಳಿ ನಾವೇ ಬೆಳೆದು ನಾವೇ ತಿನ್ನಬೇಕು.

ಒಳಗೆ ಕ್ಸಾಂಥೋ ಆಗಲೇ ನೀರಿನ ಕೊಡಕ್ಕೆ ಕೈ ಹಾಕಿದ್ದಳು.

"ಅಮ್ಮಾ, ನಾನು ಸ್ನಾನ ಮಾಡ್ಬಿಡ್ತೀನಿ."

"ಕೊಡ ಮುಟ್ಟಿದ್ರೆ ಕೈ ಮುರೀತೀನಿ. ಇವತ್ತು ಮೈಗೆ ನೀರು ಹಾಕಿದ್ರೆ ನಾತ ಜನ್ಮಕ್ಕೆ ಅಂಟ್ಕೊಳ್ಳುತ್ತೆ."

"ನೀನೇ ಅದೆಲ್ಲ ಸುಳ್ಳು ಅಂತಿದ್ದೆ."

"ಸುಳ್ಳೇ. ಆದ್ರೂ ಮುಟ್ಬೇಡ."

ಕ್ಸಾಂಥೋ ಹೋದ ವರ್ಷ ಸಮೋಥ್ರಾಕಿ ದ್ವೀಪದ ಜಾತ್ರೆಗೆ ಹೋಗಿ ಬಂದಾಗಿನಿಂದ ಹೀಗೇ. ಅಲ್ಲಿ ತಿಮಾಂದ್ರೋಸನೆಂಬ ಥಾಸೋಸಿನ ಹುಡುಗ ಅವಳ ಕೈಗೊಂದು ದಾಳಿಂಬೆ ಕೊಟ್ಟನಂತೆ. ಅಷ್ಟೇ. ಅಂದಿನಿಂದ ಹಾಲು ಉಕ್ಕಿಸಿದಳು, ಆಡು ಕಟ್ಟುವುದು ಮರೆತಳು, ಕರೆದರೆ ಓಗೊಡುವುದು ಬಿಟ್ಟಳು. ಇದೂ ಆ ನೊರೆಯಲ್ಲಿ ಹುಟ್ಟಿದವಳದೇ ಕಿತಾಪತಿ. ಮಗಳ ತಲೆ ಕೆಡಿಸಿದವಳು ಅವಳೇ, ಮದುವೆಯ ದಿನ ನಾರಿಸಿದವಳೂ ಅವಳೇ.

ಅಷ್ಟರಲ್ಲಿ ಬೀಗಿತ್ತಿ ಬಾಗಿಲಿಗೆ ಬಂದೇಬಿಟ್ಟಳು. ಹೆಸರು ಫಿಲ್ತೋ, ತಿಮಾಂದ್ರೋಸನ ಸೋದರತ್ತೆ. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡ ತೀರಿಕೊಂಡು ಅಣ್ಣನ ಮನೆಗೆ ವಾಪಸ್ಸು ಬಂದವಳು. ತಾಯಿಯಿಲ್ಲದ ಹುಡುಗನನ್ನು ಅವಳೇ ಸಾಕಿದ್ದಳು. ದಪ್ಪ ಮೈ, ಊದಿದ ಮಂಡಿ. ಗುಡ್ಡ ಹತ್ತಿ ಏದುಸಿರು ಬಿಡುತ್ತ ಒಳಗೆ ಒಂದು ಹೆಜ್ಜೆ ಇಟ್ಟವಳೇ ಸೆರಗಿನಿಂದ ಮೂಗು ಮುಚ್ಚಿದಳು.

"ಅಯ್ಯೋ ನಮ್ಮಪ್ಪ, ನಿಜಾನೇ. ನಾನು ಆ ಯಪ್ಪ ತಮಾಷೆ ಮಾಡ್ತಾನೆ ಅಂದ್ಕೊಂಡಿದ್ದೆ."

"ಬನ್ನಿ, ಕೂತ್ಕೊಳ್ಳಿ," ಎಂದಳು ನಿಕಾರೇತೆ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಗಿತ್ತು. "ಹೊಸ್ತಿಲು ದಾಟಿದೋರು ಒಂದು ಎಸಳು ಬಾಯಿಗೆ ಹಾಕ್ಕೋಬೇಕು. ಯಾವೂರ ಹೆಂಗಸಾದ್ರೂ ಅಷ್ಟೇ."

"ಹಾಕ್ಕೊಳ್ಳಲ್ಲ. ನಾನೇನು ನಿಮ್ಮೂರೋಳಲ್ಲ." ನಿಕಾರೇತೆ ಚಾಚಿದ ಬೆಳ್ಳುಳ್ಳಿ ತಟ್ಟೆಯನ್ನು ಫಿಲ್ತೋ ದೂಡಿದಳು. "ನೋಡೀಮ್ಮ, ನೇರವಾಗಿ ಹೇಳ್ಬಿಡ್ತೀನಿ. ಲೆಮ್ನೋಸಿನ ಹೆಣ್ಣು ಬೇಡ, ಮಲಗಿದಲ್ಲೇ ಕತ್ತು ಕುಯ್ತಾರೆ ಅಂತ ನಮ್ಮ ಬೀದಿ ಪೂರ್ತಿ ಹೇಳ್ತು. ಹುಡುಗ ಊಟ ಬಿಟ್ಟು ಕೂತ, ಅದಕ್ಕೆ ಬಂದಿದೀನಿ. ಇಲ್ಲಿ ಬಂದು ನೋಡಿದ್ರೆ ಹಿಂಗೆ. ಹಡಗಿನೋನು ಮಧ್ಯಾಹ್ನ ಮೇಲೆ ಗಾಳಿ ಬೀಸಿದ ಕೂಡ್ಲೇ ಹೊರಡ್ತಾನೆ, ನಮಗೋಸ್ಕರ ಕಾಯಲ್ಲ. ಇವತ್ತು ನಾಲ್ಕು, ಇವತ್ತು ಬಿಟ್ರೆ ಆಗಲ್ಲ. ಹುಡುಗೀನ ಚೆನ್ನಾಗಿ ಉಜ್ಜಿ ತೊಳೆದು ಕಳ್ಸಿ, ಕರ್ಕೊಂಡು ಹೋಗ್ತೀವಿ. ಇನ್ನೊಂದು. ಈ ನಾರೋ ಹುಚ್ಚಾಟವನ್ನೆಲ್ಲ ಇಲ್ಲೇ ಬಿಟ್ಟು ಬರ್ತೀನಿ, ನಮ್ಮ ಮನೇಲಿ ಯಾವತ್ತೂ ಮಾಡಲ್ಲ ಅಂತ ಅಫ್ರೋದಿತೆ ಮೇಲೆ ಆಣೆ ಇಡ್ಲಿ. ಇಲ್ದಿದ್ರೆ ಈ ಸಂಬಂಧ ಇಲ್ಲಿಗೇ ಸಾಕು."

"ಇಡ್ತೀನಿ ಅತ್ತೆ," ಎಂದಳು ಕ್ಸಾಂಥೋ, ಅವಳ ಮಾತು ಮುಗಿಯುವ ಮೊದಲೇ.

"ನೀನು ಸುಮ್ನಿರೇ," ಎಂದಳು ನಿಕಾರೇತೆ.

ಸುಮ್ಮನಿರು ಎಂದು ಯಾಕೆ ಅಂದೆನೆಂದು ಅವಳಿಗೇ ತಿಳಿಯಲಿಲ್ಲ. ಖುಷಿಪಡಬೇಕಿತ್ತು. ಬುದ್ಧಿ ಬಂದಾಗಿನಿಂದ ಈ ದಿನವನ್ನು ಶಪಿಸಿದವಳು, ಮಗಳಿಗಾದರೂ ತಪ್ಪಿತಲ್ಲ ಎಂದು ದೀಪ ಹಚ್ಚಬೇಕಿತ್ತು. ಅದರ ಬದಲು ನೀರಿನ ಕೊಡವನ್ನು ಮಗಳ ಕೈಗೆ ಸಿಗದಂತೆ ಮೂಲೆಗೆ ಸರಿಸಿದಳು. ಹೊತ್ತು ಕಳೆಯಲು, "ಗುಡ್ಡ ಹತ್ತಿ ಬಂದಿದೀರಿ, ಮಂಡಿಗೆ ಸ್ವಲ್ಪ ಬಿಡುವು ಕೊಡಿ. ಗಾಳಿ ಇನ್ನೂ ಬಂದಿಲ್ಲ," ಎಂದಳು. ಫಿಲ್ತೋ ಗೊಣಗುತ್ತ ಅಂಗಳದ ನೆರಳಲ್ಲಿ ಕೂತಳು.

ಮೆಲಿತ್ತಾ ತಣ್ಣನೆಯ ಜವೆಗೋಧಿ ರೊಟ್ಟಿ, ಆಡಿನ ಚೀಸು, ಒಣ ಅಂಜೂರ ಹಿಡಿದುಕೊಂಡು ಬಂದಳು. ಹಿಂದೆಯೇ ಬೀದಿಯ ಉಳಿದ ಹೆಂಗಸರೂ ಬಂದರು, ಪ್ರತಿ ವರ್ಷ ಬರುವಂತೆ. ಹೊಸ ಬೀಗಿತ್ತಿಯನ್ನು ಕಂಡು ಯಾರೂ ಮುದುರಿಕೊಳ್ಳಲಿಲ್ಲ. ಒಬ್ಬಳು ಗೋಡೆಗೆ ಒರಗಿ ಕಾಲು ಚಾಚಿ, ಹಾಡುಹಗಲೇ ಬಾಯಿ ತೆರೆದು ನಿದ್ದೆಹೋದಳು. ಇಬ್ಬರು ಆಲಿವ್ ಕಾಯಿ ತಿಂದು ಬೀಜ ಉಗುಳುವ ಪಂದ್ಯ ಕಟ್ಟಿದರು. ಮೆಲಿತ್ತಾ ತನ್ನ ಗಂಡ ನಡೆಯುವ ರೀತಿಯನ್ನು ಮಾಡಿ ತೋರಿಸಿದಾಗ ಕ್ಸಾಂಥೋ ಕೂಡ ಮುನಿಸು ಮರೆತು ನಕ್ಕಳು. ಫಿಲ್ತೋ ಮೂಗಿನಿಂದ ಸೆರಗು ತೆಗೆಯದೆ ಎಲ್ಲವನ್ನೂ ನೋಡುತ್ತಿದ್ದಳು.

ಬಾವಿಯ ಕಡೆಯಿಂದ ಹರೆಯದ ಗಂಡುದನಿ ಕೇಳಿತು.

"ಅತ್ತೇ, ನನ್ನ ನೀಲಿ ಹೊದಿಕೆ ಎಲ್ಲಿಟ್ಟಿದೀಯ?"

"ಬಂದೆ ಮಗಾ," ಎಂದು ಫಿಲ್ತೋ ನೆಲಕ್ಕೆ ಕೈಯೂರಿದಳು.

"ಕೂತ್ಕೊಳ್ಳಿ," ಎಂದಳು ನಿಕಾರೇತೆ. "ಇಲ್ಲಿಂದಲೇ ಹೇಳಿ."

"ಬುಟ್ಟಿ ತಳದಲ್ಲಿದೆ ನೋಡೋ."

ಸ್ವಲ್ಪ ಹೊತ್ತಿಗೆ ಮತ್ತೆ ಕೂಗು. ಚಪ್ಪಲಿಯ ಬಾರು ಕಿತ್ತಿದೆಯಂತೆ. ಫಿಲ್ತೋ ಮತ್ತೆ ಕೈಯೂರಿ ಅರ್ಧ ಎದ್ದಳು, ನಿಕಾರೇತೆ ಮತ್ತೆ ಕೂರಿಸಿದಳು. ಆಮೇಲೆ ಹಸಿವಂತೆ. ಮೀನಿದೆಯಂತೆ, ಆದರೆ ಮುಳ್ಳು ಬಿಡಿಸುವವರಿಲ್ಲವಂತೆ.

"ಮೂರು ಹೊತ್ತೂ ಹೀಗೇನಾ?" ಎಂದು ಮೆಲಿತ್ತಾ ಕೇಳಿದಳು.

"ಒಳ್ಳೇ ಹುಡುಗ," ಎಂದಳು ಫಿಲ್ತೋ. "ಕೆಟ್ಟೋನಲ್ಲ. ಅವನಪ್ಪನೂ ಕೆಟ್ಟೋನಲ್ಲ, ನಮ್ಮಣ್ಣ. ಕರೀತಾರೆ ಅಷ್ಟೇ."

ನಿಕಾರೇತೆ ಮಗಳ ಕಡೆ ತಿರುಗಿದಳು. "ಈ ದನಿ ಕೇಳಿಸ್ಕೊಂಡೇನೇ?"

"ಕೇಳಿಸ್ಕೊಂಡೆ ಅಮ್ಮಾ." ಕ್ಸಾಂಥೋಳ ಕಣ್ಣು ಮಿನುಗುತ್ತಿತ್ತು. "ಎಷ್ಟು ಚೆನ್ನಾಗಿದೆ ಅಲ್ವಾ?"

ನಿಕಾರೇತೆಗೆ ತಲೆ ಚಿಟ್ಟು ಹಿಡಿದುಹೋಯಿತು. ಚೆನ್ನಾಗಿಯೇ ಇತ್ತು ದನಿ. ಲೈಕೋನನದೂ ಒಂದು ಕಾಲಕ್ಕೆ ಚೆನ್ನಾಗಿತ್ತು. ಆ ದನಿ ಇನ್ನು ಹೊದಿಕೆ ಎಲ್ಲಿ, ಬಾರು ಎಲ್ಲಿ, ಮೀನೆಲ್ಲಿ ಎಂದು ಬೆಳಗಿನಿಂದ ಬೈಗಿನವರೆಗೆ ಈ ಹುಡುಗಿಯನ್ನು ಕರೆಯುತ್ತದೆ. ಇವಳು ಬಂದೆ ಬಂದೆ ಎನ್ನುತ್ತಲೇ ಮಂಡಿ ಊದಿಸಿಕೊಳ್ಳುತ್ತಾಳೆ. ಅಲ್ಲಿ ಬಾವಿಯ ಗಡಿ ಇರುವುದಿಲ್ಲ, ಗೋಡೆ ಹಾರಿ ಬರುವ ಮೆಲಿತ್ತಾ ಇರುವುದಿಲ್ಲ, ವರ್ಷಕ್ಕೊಂದು ಹಗಲು ಕಾಲು ಚಾಚಿ ಮಲಗಲು ಒಂದು ನೆಪವೂ ಇರುವುದಿಲ್ಲ. ಅಷ್ಟನ್ನೂ ಈ ಪೆದ್ದಿ ಒಂದು ದಾಳಿಂಬೆಗೆ ಆಣೆ ಇಟ್ಟು ಕೊಟ್ಟುಬಿಡಲು ಸಿದ್ಧಳಿದ್ದಳು. ನಿಕಾರೇತೆಗೆ ಮಗಳ ಮೇಲೆ ಎಷ್ಟು ಸಿಟ್ಟು ಬಂತೋ ಅಷ್ಟೇ ದುಃಖವೂ ಬಂತು.

"ಆಣೆ ಇಡಲ್ಲ ನನ್ನ ಮಗಳು," ಎಂದಳು.

ಬೀಜದ ಪಂದ್ಯ ಅರ್ಧಕ್ಕೇ ನಿಂತಿತು. ಮಲಗಿದ್ದವಳೂ ಎಚ್ಚರಗೊಂಡಳು.

"ಅಮ್ಮಾ," ಎಂದಳು ಕ್ಸಾಂಥೋ.

"ಹುಡುಗೀನ ಕೊಡ್ತೀನಿ," ಎಂದಳು ನಿಕಾರೇತೆ ಫಿಲ್ತೋಗೆ. "ಅಡುಗೆ ಮಾಡ್ತಾಳೆ, ನೇಯ್ತಾಳೆ, ನಿಮ್ಮ ಮಂಡಿಗೆ ಎಣ್ಣೆ ತಿಕ್ತಾಳೆ. ವರ್ಷ ಪೂರ್ತಿ ನಿಮ್ಮೋಳೇ. ಈ ಒಂದು ದಿನ ಮಾತ್ರ ಕೊಡಲ್ಲ. ಅದು ಅವಳದ್ದು. ಎಲ್ಲಿದ್ರೂ ನಾರ್ತಾಳೆ, ಯಾರೂ ಹತ್ರ ಹೋಗಕೂಡ್ದು. ಮತ್ತೆ ಇವತ್ತು ಸ್ನಾನಾನೂ ಮಾಡ್ಸಲ್ಲ."

ಕ್ಸಾಂಥೋ ಅಳತೊಡಗಿದಳು. "ವರ್ಷವೆಲ್ಲ ಈ ದಿನಾನ ಬೈತಿದ್ದೋಳು ನೀನೇ. ಈಗ ನನ್ನ ಮದುವೆ ಮುರಿಯೋಕೆ ಇದೇ ಬೇಕಾಯ್ತಾ ನಿಂಗೆ?"

"ಬೈತೀನಿ. ನನ್ನ ದಿನ, ನಾನು ಬೈತೀನಿ. ಬೈಯ್ಯೋಕಾದ್ರೂ ಒಂದು ದಿನ ಇರಬೇಕು."

ಬಾಯಿಂದ ಬಂದ ಮೇಲೆ ಅವಳಿಗೆ ಭಯವಾಯಿತು. ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಇದೂ ತಪ್ಪಿಹೋದರೆ ಇನ್ನೊಂದು ಹಡಗು ಬರುವುದಿಲ್ಲ. ಈ ಹುಡುಗಿ ಈ ಅಂಗಳದಲ್ಲೇ ನರೆಯುತ್ತಾಳೆ, ದಿನಾ ಒಂದು ಸಲ ತಾಯಿಯ ಮುಖ ನೋಡುತ್ತಾಳೆ, ಏನೂ ಅನ್ನುವುದಿಲ್ಲ. ಬೈದರೆ ತಡೆದುಕೊಳ್ಳಬಹುದು. ಮಾತು ಹಿಂದಕ್ಕೆ ತೆಗೆದುಕೊಳ್ಳಲೇ ಎಂದು ನಿಕಾರೇತೆ ಬಾಯಿ ತೆರೆದಳು, ಮುಚ್ಚಿದಳು. ಫಿಲ್ತೋ ಎದ್ದು ಹೋಗುವುದನ್ನೇ ಕಾಯುತ್ತ ನಿಂತಳು.

ಫಿಲ್ತೋ ಏಳಲಿಲ್ಲ. ತನ್ನ ಊದಿದ ಮಂಡಿಗಳನ್ನು ನೋಡಿಕೊಳ್ಳುತ್ತಿದ್ದಳು. ಸೆರಗು ಯಾವಾಗಲೋ ಮೂಗಿನಿಂದ ಜಾರಿತ್ತು.

"ಕತ್ತಲಾಗೋವರೆಗೂ ಯಾರೂ ಕರೆಯಲ್ವಾ?" ಎಂದು ಕೇಳಿದಳು.

"ಕರೀಬಹುದು," ಎಂದಳು ಮೆಲಿತ್ತಾ. "ಹೋಗೋ ಹಾಗಿಲ್ಲ."

"ಹುಷಾರಿಲ್ಲ ಅಂದ್ರೆ?"

"ಅವರಿಗೆ ತಾನೇ? ಮಲಕ್ಕೋತಾರೆ."

"ಹೋಗ್ಲಿಲ್ಲ ಅಂತ ಆಮೇಲೆ ಮುಖ ಊದ್ಸಲ್ವಾ?"

"ಯಾಕೆ ಊದಿಸ್ತಾರೆ? ದೇವಿ ಶಾಪ ಅಲ್ವಾ, ನಮ್ಮ ಕೈಲೇನಿದೆ?" ಎಂದಳು ನಿದ್ದೆಯಿಂದೆದ್ದವಳು.

ಫಿಲ್ತೋ ಏನೋ ಹೇಳಲು ಹೋದಳು. ಅಷ್ಟರಲ್ಲಿ ಕೆಳಗೆ ಕೊಳಲು ಕೇಳಿತು, ಹಿಂದೆಯೇ ತಿಮಾಂದ್ರೋಸನ ಕೂಗು.

"ಅತ್ತೇ, ಗಾಳಿ ಬಂತು. ಹಡಗಿನೋನು ಕೂಗಾಡ್ತಾ ಇದಾನೆ. ಬೇಗ ಕರ್ಕೊಂಡು ಬಾ, ಇವತ್ತು ನಾಲ್ಕು ಅತ್ತೇ."

"ಯಾರ ನಾಲ್ಕು?" ಎಂದು ಫಿಲ್ತೋ ಕೂತಲ್ಲಿಂದಲೇ ಕೂಗಿದಳು.

"ನಮ್ಮ ನಾಲ್ಕು."

"ಹೆಣ್ಣು ಕೊಡೋರು ಇವರು. ಇವರ ನಾಲ್ಕು ಬರಲಿ. ಅಲ್ಲೀವರೆಗೂ ನಿನ್ನ ಮಾವನ ಕುಲುಮೇಲಿ ತಿದಿ ಒತ್ತು, ಕೈಗೆ ಸ್ವಲ್ಪ ಕೆಲಸ ಬರುತ್ತೆ. ಬೇರೆ ಹಡಗು ಸಿಗುತ್ತೆ."

ಕ್ಸಾಂಥೋ ಮುಖದ ಮೇಲಿನ ಕೈ ತೆಗೆದಳು. ಫಿಲ್ತೋ ಅವಳನ್ನು ನೋಡಿ, "ಆಣೆ ಬೇಡ ಬಿಡು," ಎಂದಳು. "ಬರುವಾಗ ಈ ಬೆಳ್ಳುಳ್ಳಿ ಒಂದು ಗೊಂಚಲು ಜಾಸ್ತಿ ಹಾಕ್ಕೊಂಡು ಬಾ. ಮನೇಲಿ ಇಬ್ಬರು ಹೆಂಗಸರು ಇರ್ತೀವಿ."

ನಿಕಾರೇತೆಗೆ ನಗು ಬರಲಿಲ್ಲ. ಗೋಡೆಯ ಹತ್ತಿರ ಹೋಗಿ ಒರಗಿ ಕೂತಳು.

ಕೆಳಗಿನಿಂದ ಲೈಕೋನನ ಗಾಬರಿಯ ದನಿ ಕೇಳಿತು. "ಹೋಗ್ಬಾರ್ದು ಕಣಪ್ಪಾ, ದಾಟ್ಬಾರ್ದು." ಅತ್ತೆಯ ಮುದ್ದಿನಲ್ಲಿ ಬೆಳೆದ ತಿಮಾಂದ್ರೋಸ ಕೇಳಬೇಕಲ್ಲ. ಕಿತ್ತ ಚಪ್ಪಲಿ ಟಪ ಟಪ ಎನ್ನಿಸುತ್ತ ಬಾವಿ ದಾಟಿ ಮೇಲೆ ಬರತೊಡಗಿದ.

"ಅತ್ತೇ, ನಿಂಗೇನಾಯ್ತು? ಇಳಿದು ಬಾ. ನಂಗೆ ಹಸಿವಾಗ್ತಿದೆ."

ಫಿಲ್ತೋ ಎಂದಿನಂತೆ ನೆಲಕ್ಕೆ ಕೈಯೂರಿದಳು. ಆ ಕೈಯನ್ನೇ ಮುಂದಕ್ಕೆ ಚಾಚಿ ತಟ್ಟೆಯಲ್ಲಿದ್ದ ಎಸಳುಗಳನ್ನು ಹಿಡಿತುಂಬ ಬಾಚಿ ಬಾಯಿಗೆ ತುರುಕಿಕೊಂಡಳು. ಅಗಿದಳು. ಕಣ್ಣಲ್ಲಿ ಮೂಗಲ್ಲಿ ನೀರಿಳಿಯಿತು. ಅದು ಬೆಳ್ಳುಳ್ಳಿಯ ಘಾಟಿಗೋ ಬೇರೆ ಯಾವುದಕ್ಕೋ ಎಂದು ನಿಕಾರೇತೆ ಕೇಳಲು ಹೋಗಲಿಲ್ಲ. ಗೋಡೆಗೆ ಒರಗಲು ತನ್ನ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಫಿಲ್ತೋ ಒರಗಿ, ಎರಡೂ ಕಾಲು ಉದ್ದಕ್ಕೆ ಚಾಚಿ, ಇಡೀ ಬೀದಿಗೆ ಕೇಳುವಂತೆ ಕೂಗಿದಳು.

"ಅಲ್ಲೇ ನಿಂತ್ಕೋ ಮಗಾ. ಹತ್ರ ಬರಬೇಡ. ನಾನು ನಾರ್ತಾ ಇದೀನಿ."